ಒಂದು ಲೇನ್, ನಾಲ್ಕು ಮಂದಿ

ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹರೂಪ

 

ಪರೀಕ್ಷೆ, ಶಿಷ್ಯವೇತನ, ಹಾಸ್ಟೆಲ್, ನೌಕರಿ ಇವುಗಳ ಬಗ್ಗೆ ನೀವು ಈ ವೇದಿಕೆಯಿಂದ ಪ್ರತಿ ವರ್ಷ ಕೇಳುತ್ತೀರಿ. ವಿಷಯವನ್ನು ನನ್ನ ಇಚ್ಛೆಗೆ ಬಿಟ್ಟಿದ್ದರಿಂದ ನಾನು ಸಾರ್ವಜನಿಕ ಈಜುಕೊಳದಲ್ಲಿ ನಡೆದುಕೊಳ್ಳುವ ರೀತಿಯನ್ನು ಆರಿಸಿಕೊಂಡಿದ್ದೇನೆ. ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ, ನನಗೆ ಕಾಣುತ್ತಿದೆ. ನಮಗೆ ಹೊಲದ ಬಾವಿ ಇದೆ, ಘಟಪ್ರಭಾ ನದಿ ಇದೆ, ಕಾಲುವೆ ಇದೆ, ಘೋಡಗೇರಿಯವರಿಗೆ ಈಜುಕೊಳದ ಮಾತು ಯಾಕೆ ಎಂದು ನೀವು ಕೇಳಬಹುದು. ಬರುವ ಜೂನ್ ತಿಂಗಳಲ್ಲಿ ನಿಮ್ಮಲ್ಲಿ ಎಷ್ಟೋ ಮಂದಿ ಬೆಳಗಾವಿ, ಧಾರವಾಡ, ಬೆಂಗಳೂರಿಗೆ ಓದಲು ಹೋಗುತ್ತೀರಿ. ಅಲ್ಲಿ ಈಜಬೇಕೆಂದರೆ ಬಾವಿ ಸಿಗುವುದಿಲ್ಲ. ತಿಂಗಳ ಶುಲ್ಕ ಕಟ್ಟಿ ಬ್ಯಾಚಿಗೆ ಸೇರಬೇಕು.

ನಮ್ಮ ಕಡೆಯ ಒಬ್ಬ ಹುಡುಗ ಹಾಗೆಯೇ ಸೇರಿದ್ದ. ಬಾವಿಯಲ್ಲಿ ಮೀನಿನಂತೆ ಈಸುವವನು. ಮೊದಲ ದಿನವೇ ಕಟ್ಟೆಯ ಮೇಲಿಂದ ಓಡಿ ಬಂದು ಜಿಗಿದ. ಕೆಳಗೆ ಲೇನಿನಲ್ಲಿ ಬರುತ್ತಿದ್ದ ಒಬ್ಬ ಹಿರಿಯರ ಹೆಗಲಿಗೆ ಅವನ ಮೊಣಕಾಲು ಬಡಿಯಿತು. ಅವರು ನೀರಿನಲ್ಲಿ ನಿಂತುಕೊಂಡೇ ಎಲ್ಲರ ಮುಂದೆ ಅವನ ಊರು, ಅವನ ಬೆಳವಣಿಗೆ ಎಲ್ಲವನ್ನೂ ಎತ್ತಿ ಬೈದರು. ಹುಡುಗ ಮೂರನೆಯ ದಿನದಿಂದ ಹೋಗುವುದನ್ನೇ ಬಿಟ್ಟ. ತಿಂಗಳ ದುಡ್ಡು ಹೋಯಿತು, ಅದು ದೊಡ್ಡದಲ್ಲ. ಚೆನ್ನಾಗಿ ಈಸಬಲ್ಲ ಹುಡುಗನಿಗೆ ಇದು ನನ್ನ ಜಾಗವಲ್ಲ ಎಂದು ಅನಿಸಿತಲ್ಲ, ಅದು ದೊಡ್ಡದು. ಅವನಿಗೆ ಅಲ್ಲಿಯ ರೀತಿ ಯಾರೂ ಹೇಳಿಕೊಟ್ಟಿರಲಿಲ್ಲ. ಬೈದ ಹಿರಿಯರಿಗೆ, ಹೊಸಬನಿಗೆ ಹೇಳಿಕೊಡುವುದೂ ತಮ್ಮ ರೀತಿಯೇ ಎಂಬುದು ಗೊತ್ತಿರಲಿಲ್ಲ.

ನಮ್ಮ ಬಾವಿಗೆ ರೀತಿ ರಿವಾಜು ಇಲ್ಲವೆಂದು ಯಾರೂ ತಿಳಿಯಬಾರದು. ಸೊಂಟಕ್ಕೆ ಹಗ್ಗ ಕಟ್ಟಿ, ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಪ್ಲಾಸ್ಟಿಕ್ ಡಬ್ಬಿಯನ್ನೋ ಕಟ್ಟಿ ಇಳಿಸುವಾಗ, ಹಗ್ಗದ ತುದಿ ದೊಡ್ಡವರ ಕೈಯಲ್ಲಿ ಇರಲೇಬೇಕು. ಮೇಲಿಂದ ಜಿಗಿಯುವವನು ಮೊದಲು ಕೆಳಗೆ ನೋಡಬೇಕು, "ಏ ಸರೀರೋ" ಎಂದು ಕೂಗಬೇಕು, ಕೆಳಗಿನವರು ಗೋಡೆಗೆ ಸರಿದ ಮೇಲೆಯೇ ಜಿಗಿಯಬೇಕು. ಹತ್ತುವ ಮೆಟ್ಟಿಲ ಮೇಲೆ ಯಾರೂ ಕೂಡಬಾರದು. ಕುಡಿಯುವ ನೀರು ಸೇದುವ ಬಾವಿಗೆ ಇಳಿಯಲೇಬಾರದು. ಇವನ್ನು ಯಾರೂ ಬೋರ್ಡಿನ ಮೇಲೆ ಬರೆದಿಲ್ಲ, ಆದರೂ ಆರು ವರ್ಷದ ಹುಡುಗನಿಗೆ ಗೊತ್ತು.

ಹಾಗಾದರೆ ಈಜುಕೊಳದಲ್ಲಿ ತೊಡಕು ಎಲ್ಲಿ ಬರುತ್ತದೆ? ಬಾವಿಯಲ್ಲಿ ಎಲ್ಲರ ತಲೆಯೂ ನೀರಿನ ಮೇಲೆ ಇರುತ್ತದೆ. ಒಬ್ಬ ಕೂಗಿದರೆ ಹತ್ತು ಮಂದಿಗೆ ಕೇಳುತ್ತದೆ. ಈಜುಕೊಳದಲ್ಲಿ ಫ್ರೀಸ್ಟೈಲ್ ಈಜುವವನ ಮುಖ ನೀರಿನೊಳಗೆ ಇರುತ್ತದೆ, ಕಿವಿಯ ಮೇಲೆ ಟೋಪಿ ಇರುತ್ತದೆ. ಅವನಿಗೆ ಕಾಣುವುದು ತಳದ ಕಪ್ಪು ಗೆರೆ ಮಾತ್ರ. ಬ್ಯಾಕ್‌ಸ್ಟ್ರೋಕ್ ಈಜುವವನಿಗಂತೂ ಆಕಾಶ ಬಿಟ್ಟರೆ ಏನೂ ಕಾಣುವುದಿಲ್ಲ. ಅವನ ಅನುಕೂಲಕ್ಕೆಂದೇ ಗೋಡೆಗೆ 5 ಮೀಟರ್ ಮೊದಲು ಕೊಳದ ಮೇಲೆ ಅಡ್ಡಲಾಗಿ ಸಣ್ಣ ಬಾವುಟಗಳ ಸಾಲು ಕಟ್ಟಿರುತ್ತಾರೆ. ಅದನ್ನು ಕಂಡ ಮೇಲೆ ಎಷ್ಟು ಕೈ ಹಾಕಿದರೆ ಗೋಡೆ ಸಿಗುತ್ತದೆ ಎಂದು ಅವನು ಎಣಿಸಿಕೊಂಡಿರುತ್ತಾನೆ. ಎಣಿಕೆ ಮುಗಿಯುವಷ್ಟರಲ್ಲಿ ಆ ಜಾಗದಲ್ಲಿ ನೀವು ನಿಂತು ಹರಟೆ ಹೊಡೆಯುತ್ತಿದ್ದರೆ ಅವನ ಕೈ ನಿಮ್ಮ ಮುಖಕ್ಕೆ ಬೀಳುತ್ತದೆ. ತಪ್ಪು ಅವನದಲ್ಲ. ನೀರಿನೊಳಗೆ ಮಾತು ನಡೆಯುವುದಿಲ್ಲ. ನಿಮ್ಮನ್ನು ನೋಡಲಾಗದ, ನಿಮ್ಮ ಮಾತು ಕೇಳಲಾಗದ ಅಪರಿಚಿತನೊಬ್ಬ ನೀವು ಮುಂದೆ ಎಲ್ಲಿ ಇರುತ್ತೀರಿ ಎಂದು ಊಹಿಸುವಂತಿರಬೇಕು. ಲೇನಿನ ಎಲ್ಲ ರೀತಿಗಳೂ ಇದರಿಂದಲೇ ಹುಟ್ಟಿವೆ.

ಒಲಿಂಪಿಕ್ ಅಳತೆಯ ಕೊಳ 50 ಮೀಟರ್ ಉದ್ದ, 25 ಮೀಟರ್ ಅಗಲ ಇರುತ್ತದೆ. ಬೆಳಗಾವಿಯ ಜೆಎನ್‌ಎಂಸಿ ಆವರಣದಲ್ಲಿ ಕೆಎಲ್‌ಇ ಸಂಸ್ಥೆಯವರದು ಅಂಥದೊಂದು ಇದೆ. ಒಂದು ಲೇನಿನ ಅಗಲ ಎರಡೂವರೆ ಮೀಟರ್. ಕೇಳಲು ಸಾಕಷ್ಟು ಎನಿಸುತ್ತದೆ. ಎರಡೂ ಕೈ ಚಾಚಿ ನಿಂತು ನೋಡಿ, ದೊಡ್ಡವರ ಕೈಚಾಚು ಹೆಚ್ಚು ಕಡಿಮೆ ಅವರ ಎತ್ತರದಷ್ಟೇ ಇರುತ್ತದೆ. ಇಬ್ಬರು ಎದುರು ಬದರು ಬಂದರೆ ಒಬ್ಬೊಬ್ಬರ ಪಾಲಿಗೆ ಬರುವುದು ಒಂದೂಕಾಲು ಮೀಟರ್. ಹೀಗಾಗಿ ಬಟರ್‌ಫ್ಲೈ ಹೊಡೆಯುವವರು ಎದುರಿನವರು ದಾಟುವವರೆಗೆ ಒಂದೇ ಕೈ ಹಾಕುವುದು, ಬ್ರೆಸ್ಟ್‌ಸ್ಟ್ರೋಕಿನವರು ಕಾಲು ಅಗಲಿಸುವುದನ್ನು ಕಡಿಮೆ ಮಾಡುವುದು ಒಳ್ಳೆಯ ರೂಢಿ. ಲೇನುಗಳ ನಡುವಿನ ತಿರುಗುವ ಬಿಲ್ಲೆಗಳ ಹಗ್ಗ ಗಡಿ ತೋರಿಸಲಿಕ್ಕೆ ಮಾತ್ರ ಇರುವುದಲ್ಲ, ಒಬ್ಬರ ಅಲೆ ಇನ್ನೊಬ್ಬರಿಗೆ ಬಡಿಯದಂತೆ ಮುರಿಯುವ ಕೆಲಸವನ್ನೂ ಮಾಡುತ್ತದೆ. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಬ್ಯಾಕ್‌ಸ್ಟ್ರೋಕಿನಲ್ಲಿ ಚಿನ್ನ ಗೆದ್ದ ಅಮೆರಿಕದ ಅಡಾಲ್ಫ್ ಕೀಫರ್ ಅವರು ಮುಂದೆ ಇಂಥ ಅಲೆ ಮುರಿಯುವ ಹಗ್ಗವನ್ನು ರೂಪಿಸಿದರು. ಅದರ ಮೇಲೆ ಕುಳಿತು ಜೋಕಾಲಿ ಆಡುವ ಹುಡುಗರನ್ನು ನಾನು ನೋಡಿದ್ದೇನೆ. ಹಗ್ಗ ಸಡಿಲಾದರೆ ಎರಡೂ ಲೇನಿನವರಿಗೆ ತೊಂದರೆ.

ಈಗ ಲೇನಿಗೆ ಇಳಿಯುವ ಬಗೆ. ಮೊದಲು ಎರಡು ನಿಮಿಷ ಕಟ್ಟೆಯ ಮೇಲೆ ನಿಂತು ನೋಡಿ. ಯಾವ ಲೇನಿನಲ್ಲಿ ನಿಮ್ಮ ವೇಗದವರು ಇದ್ದಾರೆ, ಎಷ್ಟು ಮಂದಿ ಇದ್ದಾರೆ, ಯಾವ ಕಡೆಯಿಂದ ಹೋಗಿ ಯಾವ ಕಡೆಯಿಂದ ಬರುತ್ತಿದ್ದಾರೆ ಎಂಬುದನ್ನು ಗಮನಿಸಿ. ಒಬ್ಬರೇ ಇದ್ದರೆ ಅವರು ಗೋಡೆಗೆ ಬಂದು ತಲೆ ಎತ್ತುವವರೆಗೆ ಕಾಯಿರಿ. ನಮ್ಮ ಮಾತಿನಲ್ಲೇ ಕೇಳಿ, ಇಂಗ್ಲಿಷ್ ಬೇಕಿಲ್ಲ.

"ಕಾಕಾ, ಈ ಲೇನಿನ್ಯಾಗ ನಾನೂ ಬರಲೇನ್ರಿ?"

"ಬಾರಪಾ. ನಾ ಈ ಹಗ್ಗದ ಕಡೆ ಇರ್ತೇನಿ, ನೀ ಆ ಕಡೆ ಇರು."

ಇಷ್ಟೇ ಒಪ್ಪಂದ. ಇಬ್ಬರಿದ್ದಾಗ ಹೀಗೆ ಒಬ್ಬೊಬ್ಬರು ಒಂದೊಂದು ಬದಿ ಹಿಡಿದರೆ ಸಾಕು. ಮೂರನೆಯವರು ಬಂದ ಕೂಡಲೇ ಈ ಒಪ್ಪಂದ ಮುರಿಯುತ್ತದೆ. ಆಗ ಎಲ್ಲರೂ ಸುತ್ತು ಹಾಕಬೇಕು. ಹೋಗುವಾಗಲೂ ತಮ್ಮ ಎಡಬದಿ, ಬರುವಾಗಲೂ ತಮ್ಮ ಎಡಬದಿ, ನಮ್ಮ ರಸ್ತೆಯ ಹಾಗೆ. ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗಿದಂತಾಗುತ್ತದೆ. ಕೆಲವು ಕೊಳಗಳಲ್ಲಿ ಬಲಬದಿ ಹಿಡಿಯುತ್ತಾರೆ. ಅಮೆರಿಕದಲ್ಲಿ ಅದೇ ರೂಢಿ, ಅಲ್ಲಿ ಕಲಿತು ಬಂದ ಕೋಚುಗಳು ಇಲ್ಲಿಯೂ ಅದನ್ನೇ ಹೇಳಿಕೊಡಬಹುದು. ಎಡವೋ ಬಲವೋ ಎಂಬುದು ಮುಖ್ಯವಲ್ಲ, ಆ ಲೇನಿನಲ್ಲಿ ಆಗಲೇ ನಡೆದಿರುವ ದಿಕ್ಕು ಮುಖ್ಯ. ನಾಲ್ಕು ಮಂದಿ ಒಂದು ದಿಕ್ಕಿಗೆ ತಿರುಗುತ್ತಿರುವಾಗ ಐದನೆಯವನು ನನ್ನದೇ ಸರಿ ಎಂದು ವಾದಿಸಿದರೆ ಅವನ ಸರಿಯಿಂದ ಯಾರದಾದರೂ ಹಲ್ಲು ಹೋಗುತ್ತದೆ.

ಮೂರನೆಯವರಾಗಿ ಬರುವವರು ಮೊದಲಿನ ಇಬ್ಬರಿಗೂ ತಿಳಿಸಿಯೇ ಈಜಲು ಶುರು ಮಾಡಬೇಕು. ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ಹೇಳದಿದ್ದರೆ, ಆ ಇನ್ನೊಬ್ಬರು ಹಳೆಯ ಒಪ್ಪಂದದಂತೆ ನೇರ ನಿಮ್ಮ ತಲೆಗೆ ಬರುತ್ತಾರೆ. ಲೇನುಗಳಲ್ಲಿ ಡಿಕ್ಕಿಯಾಗುವುದು ಬಹಳ ಸಲ ಇದೇ ಕಾರಣಕ್ಕೆ. ಇಳಿಯುವಾಗ ಜಿಗಿಯಬೇಡಿ. ಮೂಲೆಯಲ್ಲಿ ಕುಳಿತು, ಕಾಲು ಮೊದಲು ಬಿಟ್ಟು, ಗೋಡೆಗೆ ಒರಗಿ ನಿಂತು, ಬರುತ್ತಿದ್ದವರು ತಿರುಗಿಹೋಗಲು ಬಿಟ್ಟು, ಐದೋ ಹತ್ತೋ ಸೆಕೆಂಡು ಕಳೆದ ಮೇಲೆ ಹೊರಡಿ.

ಜಗಳ ಹುಟ್ಟುವುದು ಹಿಂದಿಕ್ಕುವಾಗ. ಇದರಲ್ಲಿ ಸಿಟ್ಟಿಗೆ ಕಾರಣವಿಲ್ಲ, ಇದು ಬರೇ ಲೆಕ್ಕ. 50 ಮೀಟರಿಗೆ ಒಬ್ಬನು 45 ಸೆಕೆಂಡು, ಇನ್ನೊಬ್ಬನು 90 ಸೆಕೆಂಡು ತೆಗೆದುಕೊಳ್ಳುತ್ತಾನೆ ಎಂದಿಟ್ಟುಕೊಳ್ಳಿ. ಇಬ್ಬರೂ ಒಟ್ಟಿಗೆ ಹೊರಟರೆ, ನಿಧಾನದವನು ಒಂದು ಸುತ್ತು ಮುಗಿಸುವಷ್ಟರಲ್ಲಿ ಬೇಗದವನು ಎರಡು ಸುತ್ತು ಮುಗಿಸಿರುತ್ತಾನೆ. ಅಂದರೆ ಪ್ರತಿ ಮೂರು ನಿಮಿಷಕ್ಕೆ ಒಮ್ಮೆ ಬೇಗದವನು ನಿಧಾನದವನ ಬೆನ್ನಿಗೆ ಬಂದೇ ಬರುತ್ತಾನೆ. ನನ್ನನ್ನು ಸೋಲಿಸಲು ಬಂದ ಎಂದು ಇವನು ತಿಳಿಯಬೇಕಿಲ್ಲ. ದಾರಿಗೆ ಅಡ್ಡ ನಿಂತ ಎಂದು ಅವನು ತಿಳಿಯಬೇಕಿಲ್ಲ. ಹಿಂದಿನವನು ಮುಂದಿನವನ ಅಂಗಾಲನ್ನು ಒಮ್ಮೆ ಮೆಲ್ಲಗೆ ಮುಟ್ಟುತ್ತಾನೆ. ಮುಂದಿನವನು ನಡುನೀರಿನಲ್ಲಿ ನಿಲ್ಲದೆ ಗೋಡೆಯವರೆಗೆ ಹೋಗಿ, ಮೂಲೆಗೆ ಸರಿದು, ದಾರಿ ಬಿಡುತ್ತಾನೆ. ನಡುವೆಯೇ ಗಕ್ಕನೆ ನಿಂತರೆ ಹಿಂದಿನವನು ಅವನ ಮೇಲೆ ಹತ್ತುತ್ತಾನೆ. ಕಾಲು ಮುಟ್ಟುವುದು ಒಮ್ಮೆ ಮಾತ್ರ. ಮೇಲಿಂದ ಮೇಲೆ ಬಡಿಯುವುದು ಬಸ್ಸಿನ ಹಿಂದೆ ನಿಂತು ಹಾರ್ನ್ ಒತ್ತಿದಂತೆ. ಹೆಣ್ಣುಮಕ್ಕಳ ಬ್ಯಾಚಿನಲ್ಲಾದರೆ ಇದು ಸರಿ. ಗಂಡಸರು ಹೆಂಗಸರು ಇಬ್ಬರೂ ಇರುವ ಕೊಳದಲ್ಲಿ ಪರಿಚಯವಿಲ್ಲದ ಹೆಣ್ಣುಮಗಳ ಕಾಲು ಮುಟ್ಟಬಾರದು. ಗೋಡೆಯವರೆಗೆ ನಿಧಾನಿಸಿ, ಅಲ್ಲಿ ಅವರು ನಿಂತಾಗ ಕೇಳಿ, ಅಥವಾ ನೀವೇ ಅರ್ಧ ನಿಮಿಷ ತಡೆದು ಹೊರಡಿ.

ನಿಧಾನದವರ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೇಳಬೇಕು. ಎಷ್ಟೋ ಕಡೆ ಹತ್ತು ವರ್ಷದಿಂದ ಬೆಳಗಿನ ಬ್ಯಾಚಿಗೆ ಬರುವ ಒಬ್ಬರು ಇರುತ್ತಾರೆ. ಮೂರನೆಯ ಲೇನ್ ಅವರದೆಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿರುತ್ತಾರೆ. ಹೊಸಬ ಇಳಿದರೆ ಅವರ ಹುಬ್ಬು ಏರುತ್ತದೆ. ಇಬ್ಬರೂ ಕಟ್ಟಿದ ಶುಲ್ಕ ಒಂದೇ, ರಸೀದಿಯ ಮೇಲೆ ಲೇನಿನ ನಂಬರು ಇಲ್ಲ. ಬೇಗ ಈಜಬಲ್ಲವನಿಗೆ ನೀರು ಹೆಚ್ಚು ಸೇರಿದ್ದು ಎಂಬ ಭಾವನೆ ಬಹಳ ಜನರಲ್ಲಿದೆ. ನನ್ನ ಅಭಿಪ್ರಾಯದಲ್ಲಿ ಅದು ಶುದ್ಧ ಅಹಂಕಾರ.

ಸಾರ್ವಜನಿಕ ನೀರು ಯಾರದು ಎಂಬ ಪ್ರಶ್ನೆಗೆ ನಮ್ಮ ನಾಡಿನಲ್ಲಿ ಜನ ಏಟು ತಿಂದು ಉತ್ತರ ಪಡೆದಿದ್ದಾರೆ. ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲ ಅದು. ಸರಕಾರದ ಹಣದಿಂದ ನಡೆಯುವ ಕೆರೆ ಬಾವಿಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕೆಂದು 1923ರಲ್ಲಿ ಪ್ರಾಂತದ ಶಾಸನ ಪರಿಷತ್ತು ಠರಾವು ಮಾಡಿತು. ಠರಾವು ಕಾಗದದ ಮೇಲೆ ಉಳಿಯಿತು. 1927ರ ಮಾರ್ಚ್ 20ರಂದು ಡಾ. ಬಾಬಾಸಾಹೇಬ ಅಂಬೇಡ್ಕರರು ಸಾವಿರಾರು ಜನರೊಂದಿಗೆ ಮಹಾಡದ ಚವದಾರ ಕೆರೆಗೆ ನಡೆದುಹೋಗಿ ನೀರು ಮುಟ್ಟಿ ಕುಡಿದರು. ಆ ದಿನ ಅವರ ಜನರ ಮೇಲೆ ಹಲ್ಲೆ ನಡೆಯಿತು. ಮುಂದೆ ನಮ್ಮ ಸಂವಿಧಾನದ 15ನೆಯ ಅನುಚ್ಛೇದದಲ್ಲಿ, ಸರಕಾರದ ಹಣದಿಂದ ನಡೆಯುವ ಬಾವಿ, ಕೆರೆ, ಸ್ನಾನಘಟ್ಟಗಳಿಗೆ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣದಿಂದ ಯಾರನ್ನೂ ತಡೆಯಕೂಡದು ಎಂದು ಬರೆಯಲಾಯಿತು. ಸ್ನಾನಘಟ್ಟ ಎಂಬ ಶಬ್ದ ಅಲ್ಲಿ ಇದೆ, ಗಮನಿಸಿ. ಲೇನಿನಲ್ಲಿ ಹುಬ್ಬು ಏರಿಸುವುದನ್ನು ಮಹಾಡದ ಅನ್ಯಾಯಕ್ಕೆ ನಾನು ಸಮ ಮಾಡುತ್ತಿಲ್ಲ. ಆದರೆ ಈ ನೀರು ನನ್ನದು, ನೀನು ಹೊರಗಿನವನು ಎಂಬ ಮಾತು ಎಲ್ಲಿಂದ ಬಂದರೂ ಕಿವಿ ನಿಮಿರಬೇಕು. ನಾಳೆ ನೀವೇ ಆ ಕೊಳದ ಹಳಬರಾಗುತ್ತೀರಿ, ಆಗಲೂ ನಿಮಿರಬೇಕು.

ನಮ್ಮ ಜಿಲ್ಲೆಯವರೇ ಆದ ಒಬ್ಬ ಈಜುಗಾರರ ಹೆಸರು ಹೇಳುತ್ತೇನೆ, ಬೆಳಗಾವಿಯ ಮೋಯಿನ್ ಜುನ್ನೇದಿ. ಮೂಳೆಗಳು ಸಣ್ಣ ಪೆಟ್ಟಿಗೂ ಮುರಿಯುವ ಕಾಯಿಲೆ ಅವರಿಗೆ ಹುಟ್ಟಿನಿಂದಲೇ ಇದೆ. ವೈದ್ಯರು ಅದನ್ನು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎನ್ನುತ್ತಾರೆ. ನೆಲದ ಮೇಲೆ ಅವರಿಗೆ ನಡೆಯಲು ಆಗದು. ಕೋಚ್ ಉಮೇಶ ಕಲಘಟಗಿ ಅವರ ಮಾರ್ಗದರ್ಶನದಲ್ಲಿ ಬೆಳಗಾವಿಯಲ್ಲಿ ಈಜು ಕಲಿತರು, ಅಂಗವಿಕಲರ ಸ್ಪರ್ಧೆಗಳಲ್ಲಿ ಪದಕಗಳನ್ನು ಗೆದ್ದರು. ನೀರು ದೇಹದ ಭಾರವನ್ನು ಹೊರುತ್ತದೆ, ಆದ್ದರಿಂದ ನೆಲದ ಮೇಲೆ ಆಗದ್ದು ನೀರಿನಲ್ಲಿ ಆಗುತ್ತದೆ. ಆದರೆ ನೀರು ಪಕ್ಕದವನ ಒದೆತವನ್ನು ತಡೆಯುವುದಿಲ್ಲ. ಓಡಿ ಬಂದು ನೋಡದೆ ಜಿಗಿಯುವ ಒಬ್ಬನೇ ಒಬ್ಬ ಹುಡುಗ ಸಾಕು ಇಂಥವರನ್ನು ತಿಂಗಳುಗಟ್ಟಲೆ ಹಾಸಿಗೆಗೆ ಹಾಕಲು. ಅವರು ಈಜಬೇಕಾದರೆ ಕೋಚ್ ಎಷ್ಟು ಬೇಕೋ, ಅದೇ ಕೊಳದ ಉಳಿದವರ ಎಚ್ಚರವೂ ಅಷ್ಟೇ ಬೇಕು. ಬೆಂಗಳೂರಿನ ಶರತ್ ಗಾಯಕವಾಡ್ ಹುಟ್ಟಿನಿಂದ ಎಡಗೈ ಬೆಳೆಯದವರು. 2014ರ ಇಂಚನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕ ಗೆದ್ದರು. ಪದಕ ಬರುವ ಮೊದಲು ಇಂಥವರೂ ಯಾವುದೋ ಕೊಳದಲ್ಲಿ ನಿಧಾನವಾಗಿ ಈಜು ಕಲಿಯುವ ಮಕ್ಕಳೇ ಆಗಿದ್ದರು. ಪಕ್ಕದ ಲೇನಿನಲ್ಲಿ ಸೊಟ್ಟಗೆ ಈಜುವವರನ್ನು ನೋಡಿ ನಗುವ ಮೊದಲು ಇದು ನೆನಪಿರಲಿ. ಕೇಳದೆ ಅವರಿಗೆ ಪಾಠ ಹೇಳಲು ಹೋಗಬೇಡಿ, ಅದಕ್ಕೆ ಕೋಚ್ ಇದ್ದಾರೆ.

ಹೆಣ್ಣುಮಕ್ಕಳಿಗೆ ಒಂದೆರಡು ಮಾತು. ಮಹಿಳೆಯರಿಗೆ ಬೇರೆ ಬ್ಯಾಚ್ ಇರುವ ಕೊಳಗಳು ಅನೇಕ ಇವೆ, ಸೇರುವ ಮೊದಲು ಸಮಯ ಕೇಳಿಕೊಳ್ಳಿ. ಮೈತುಂಬ ಉಡುಪು ಬೇಕೆಂದರೆ ನೈಲಾನ್ ಅಥವಾ ಲೈಕ್ರಾ ಬಟ್ಟೆಯ, ಮುಂಗೈ ಹಾಗೂ ಪಾದದವರೆಗೆ ಬರುವ ಈಜುಡುಪು ಸಿಗುತ್ತದೆ. ಹತ್ತಿಯ ಚೂಡಿದಾರ, ಗಂಡುಮಕ್ಕಳ ಹತ್ತಿ ಚಡ್ಡಿ ಬನಿಯನ್ನು ಬೇಡವೆನ್ನುವುದು ಹಟಕ್ಕಲ್ಲ. ಹತ್ತಿ ನೀರು ಹೀರಿ ಭಾರವಾಗಿ ಎಳೆಯುತ್ತದೆ, ಅದರ ನಾರು ಫಿಲ್ಟರಿಗೆ ಹೋಗುತ್ತದೆ. ಮಹಿಳೆಯರ ಬ್ಯಾಚ್ ಏಳಕ್ಕೆ ಎಂದಿದ್ದರೆ ಗಂಡಸರು ಏಳಕ್ಕೆ ಐದು ನಿಮಿಷ ಮೊದಲೇ ಕೊಳದಿಂದ ಹೊರಗಿರಬೇಕು. ಕಟ್ಟೆಯ ಮೇಲೆ ಟವೆಲ್ ಹಿಂಡುತ್ತ ನಿಲ್ಲುವುದೂ ಅವರ ಸಮಯವನ್ನು ಕದಿಯುವುದೇ.

ಇಳಿಯುವ ಮೊದಲು ಸ್ನಾನ ಮಾಡಿ ಎಂಬ ಬೋರ್ಡನ್ನು ಎಲ್ಲರೂ ಓದುತ್ತಾರೆ, ಪಾಲಿಸುವವರು ಕಡಿಮೆ. ಈಜುಕೊಳದ ಘಾಟು ವಾಸನೆ ಸ್ವಚ್ಛತೆಯ ಗುರುತೆಂದು ನಂಬುವವರಿದ್ದಾರೆ. ನಿಜ ಬೇರೆ. ಬೆವರು, ಎಣ್ಣೆ, ಮೂತ್ರದೊಂದಿಗೆ ಕ್ಲೋರಿನ್ ಸೇರಿ ಕ್ಲೋರಮೈನ್ ಎಂಬ ವಸ್ತುಗಳಾಗುತ್ತವೆ. ಕಣ್ಣು ಉರಿಯುವುದು, ಕೆಮ್ಮು ಬರುವುದು ಹೆಚ್ಚಾಗಿ ಅವುಗಳಿಂದಲೇ. ಹೆಚ್ಚು ಘಾಟು ಇದ್ದರೆ ಮಂದಿ ಮೈ ತೊಳೆಯದೆ ಇಳಿದಿದ್ದಾರೆ ಎಂದು ತಿಳಿಯಿರಿ.

ಇನ್ನೊಂದು ವಿಷಯವನ್ನು ಬಿಡುವಂತಿಲ್ಲ. ನಮ್ಮ ಬಾವಿಗಳಲ್ಲಿ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆ ಎಂಬ ಪಂದ್ಯ ನಡೆಯುತ್ತದೆ. ಅದನ್ನು ಲೇನಿಗೆ ತರಬೇಡಿ, ಬಾವಿಯಲ್ಲೂ ಬಿಟ್ಟರೆ ಒಳ್ಳೆಯದು. ಮುಳುಗುವ ಮೊದಲು ಜೋರಾಗಿ ಹತ್ತಾರು ಸಲ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಉಸಿರು ಬೇಕು ಎಂದು ಮೆದುಳಿಗೆ ಎಚ್ಚರಿಕೆ ಕೊಡುವುದು ಅದೇ. ಎಚ್ಚರಿಕೆ ಬರುವ ಮೊದಲೇ ಆಮ್ಲಜನಕ ಮುಗಿದು, ಒದ್ದಾಟವೂ ಇಲ್ಲದೆ, ಒಳ್ಳೆಯ ಈಜುಗಾರನೇ ಪ್ರಜ್ಞೆ ತಪ್ಪುತ್ತಾನೆ. ಲೇನಿನಲ್ಲಿ ಮೇಲೆ ಈಜುತ್ತಿರುವವರು ತಳದಲ್ಲಿ ಮಲಗಿದವನನ್ನು ಕಂಡರೂ ಆಟ ಆಡುತ್ತಿದ್ದಾನೆ ಎಂದುಕೊಂಡು ಮುಂದೆ ಹೋಗುತ್ತಾರೆ. ನೀವೂ ಅಂಥವನನ್ನು ಕಂಡರೆ ಹಾಗೆಂದುಕೊಳ್ಳಬೇಡಿ. ನಿಮ್ಮ ಸುತ್ತನ್ನು ಅಲ್ಲಿಯೇ ಬಿಟ್ಟು, ತಲೆ ಎತ್ತಿ, ಲೈಫ್‌ಗಾರ್ಡನ್ನು ಕೂಗಿ. ಅವನು ಆಟ ಆಡುತ್ತಿದ್ದರೆ ಬೈಸಿಕೊಳ್ಳಲಿ.

ಭಾಷಣ ಮುಗಿದ ಮೇಲೆ ಪ್ರಶ್ನೆಗಳಿಗೆ ಸಮಯ ಕೊಟ್ಟಿದ್ದರು. ಒಬ್ಬ ವಿದ್ಯಾರ್ಥಿ ಎದ್ದು, "ಸರ್, ನಾ ಎಲ್ಲಾ ಪಾಲಿಸಿದೆ ಅಂದ್ಕೊಳ್ರಿ. ಉಳಿದ ಮೂರು ಮಂದಿ ಪಾಲಿಸಲಿಲ್ಲಂದ್ರ ಏನ್ ಮಾಡೋದ್ರಿ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಗೋಡೆಯ ಬಳಿ ಅವರು ಉಸಿರು ತೆಗೆದುಕೊಳ್ಳುವಾಗ ಒಮ್ಮೆ ನಗುಮುಖದಿಂದ ಕೇಳು, "ಅಣ್ಣಾ, ಎಲ್ಲಾರೂ ಎಡಕ್ಕ ಹಿಡಿಯೋಣೇನ್ರಿ?" ಎಂದು. ಎಷ್ಟೋ ಸಲ ಯಾರಾದರೂ ಕೇಳಲಿ ಎಂದು ಅವರೇ ಕಾಯುತ್ತಿರುತ್ತಾರೆ. ಕೇಳದಿದ್ದರೆ ಲೈಫ್‌ಗಾರ್ಡಿಗೆ ಹೇಳು, ಲೇನ್ ಹೊಂದಿಸುವುದು ಅವರ ಕೆಲಸ. ಅದೂ ಆಗದಿದ್ದರೆ ಗೋಡೆಯ ಪಕ್ಕದ ಕೊನೆಯ ಲೇನಿಗೆ ಹೋಗು. ಅಲ್ಲಿ ಸಾಮಾನ್ಯವಾಗಿ ಕಲಿಯುವ ಮಕ್ಕಳು, ವಯಸ್ಸಾದವರು ಇರುತ್ತಾರೆ. ನಿನ್ನ ವೇಗ ಅಲ್ಲಿ ನಡೆಯುವುದಿಲ್ಲ, ನಿಜ. ಅವತ್ತು ಕಾಲು ಬಡಿಯುವುದನ್ನು ಮಾತ್ರ ಅಭ್ಯಾಸ ಮಾಡು, ಕಿಕ್‌ಬೋರ್ಡ್ ಕೇಳಿದರೆ ಕೊಡುತ್ತಾರೆ.